ತಲೆಗೊಂದು ಫ್ರೇಜಲ್ ವರ್ಬ್

ಶಾಲೆಗಳನ್ನು ಪರಿಶೀಲಿಸಿ ಅಂಕ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ತಾವು ಶಹಾಪುರ ತಾಲೂಕಿನ ನಮ್ಮ ಪ್ರೌಢಶಾಲೆಗೆ ಬಂದು, ಒಂಬತ್ತನೇ ತರಗತಿಯ ಇಂಗ್ಲಿಷ್ ಕೇಳಿ, ಸಂತೋಷಪಟ್ಟು, 'ಮಾದರಿ ಇಂಗ್ಲಿಷ್ ಶಾಲೆ' ಎಂಬ ಬೋರ್ಡು ಕೊಟ್ಟು ಹೋದಿರಿ. ಹೋಗುವ ಮುಂಚೆ ಅಂಬರೀನ ಎಂಬ ಹುಡುಗಿಯನ್ನು ಸ್ಲೋ ಲರ್ನರ್ ಎಂದು ಬರೆಸಿಯೂ ಹೋದಿರಿ. ಎರಡೂ ತಪ್ಪು. ಆ ಬೋರ್ಡು ನಮಗೆ ಸಲ್ಲುವುದಿಲ್ಲ, ಆ ಬಿರುದು ಅವಳಿಗೆ ಸಲ್ಲುವುದಿಲ್ಲ. ಎರಡನ್ನೂ ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ಇದನ್ನು ಲಕೋಟೆಯಲ್ಲಿ ಹಾಕಿ ತಮ್ಮ ಕಚೇರಿಗೆ ಕಳಿಸಬಹುದಿತ್ತು. ಆದರೆ ಆ ದಿನ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಎಲ್ಲರ ಎದುರಿಗೆ, ಆದ್ದರಿಂದ ಬಾಯಿ ಬಿಡುವುದೂ ಪತ್ರಿಕೆಯಲ್ಲಿ, ಎಲ್ಲರ ಎದುರಿಗೇ ಆಗಲಿ. ನಾನು ಆ ತರಗತಿಯ ಇಂಗ್ಲಿಷ್ ಮಾಸ್ತರ.

ತಮ್ಮ ಸುತ್ತೋಲೆ ಬಂದದ್ದು ಭೇಟಿಗೆ ಸ್ವಲ್ಪ ಮೊದಲು. 'ದಿನಬಳಕೆಯ ಇಂಗ್ಲಿಷಿನಲ್ಲಿ ಫ್ರೇಜಲ್ ವರ್ಬುಗಳ ಸಮರ್ಥ ಪ್ರಯೋಗ' ಎಂಬುದು ವಿಷಯ. ಪ್ರತಿ ಮಗುವೂ ತನ್ನ ಬದುಕಿನಿಂದ ಒಂದು ವಾಕ್ಯ ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬಾರದು ಎಂಬುದು ಷರತ್ತು. ಇಂಗ್ಲಿಷ್ ಬಾರದ ಓದುಗರಿಗಾಗಿ ಹೇಳುತ್ತೇನೆ: ಅಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಅಪ್, ಆಫ್, ಔಟ್, ಆಫ್ಟರ್ ಎಂಬ ಚಿಕ್ಕ ಪದ ಕಟ್ಟಿದರೆ ಅರ್ಥವೇ ಬೇರೆಯಾಗುತ್ತದೆ. ಗಿವ್ ಎಂದರೆ ಕೊಡು, ಗಿವ್ ಅಪ್ ಎಂದರೆ ಕೈಚೆಲ್ಲು. ದಿನಬಳಕೆ ಎಂದಿರಿ, ಸರಿ. ಯಾರ ದಿನ, ಯಾರ ಬಳಕೆ ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಸುರಪುರದ ಬಸ್ಸಿಗೆ ಕೈ ಮಾಡುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ನಮ್ಮ ಮಕ್ಕಳು ಯಾರಿಗೆ ಪುಟ್ ಆಫ್ ಎನ್ನಬೇಕು? ಯಾರ ಮೇಲೆ ಕಾಲ್ ಆನ್ ಮಾಡಬೇಕು?

ಇದನ್ನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ ಒಂದು ಉಪಾಯ ಹೂಡಿದೆ. ಜಾತ್ರೆಯಲ್ಲಿ ಪ್ರಸಾದ ಹಂಚಿದ ಹಾಗೆ ತಲೆಗೊಂದು ಫ್ರೇಜಲ್ ವರ್ಬ್ ಹಂಚಿಬಿಟ್ಟೆ. ಜೊತೆಗೆ ನಾನೇ ಕಟ್ಟಿದ ಒಂದು ವಾಕ್ಯ. ಅದನ್ನು ಬಾಯಿಪಾಠ ಮಾಡುವುದು, ಅಧಿಕಾರಿಗಳು ಕೈ ತೋರಿಸಿದಾಗ ಒಪ್ಪಿಸುವುದು, ಕೂತುಕೊಳ್ಳುವುದು. ಪಕ್ಕದವರದ್ದು ಏನೆಂದು ತಿಳಿಯುವ ಗೊಡವೆ ಬೇಡ. ದಿನಾ ತಡವಾಗಿ ಬರುವ ಮಹೇಶಕುಮಾರನಿಗೆ ಗೆಟ್ ಅಪ್, ಅಂದರೆ ಹಾಸಿಗೆ ಬಿಟ್ಟು ಏಳು, ಬಂತು. ಒಂದೇ ವಾರದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಅದರಿಂದಲೇ ಕರೆಯತೊಡಗಿದರು. "ಏ ಟರ್ನ್ ಆಫ್, ಚೆಂಡು ಒಗಿಯಲೇ" ಎಂದು ಬಯಲಿನಲ್ಲಿ ಕೂಗುವುದು ಕೇಳಿ ನಾನು ನಕ್ಕಿದ್ದೆ. ಹೆಡ್ ಮಾಸ್ತರ ಚನ್ನಯ್ಯನವರು, "ಭಾಳ ಶಾಣ್ಯಾ ಇದ್ದೀರಿ ಬಿಡ್ರಿ" ಎಂದು ಬೆನ್ನು ತಟ್ಟಿದ್ದರು.

ನಾಚಿಕೆಯ ಮಾತೆಂದರೆ, ಇದನ್ನು ನಿಜವಾಗಿ ಕಲಿಸುವ ದಾರಿ ನನಗೆ ಗೊತ್ತಿತ್ತು. ನಮ್ಮ ಕನ್ನಡವೂ ಇದೇ ಆಟ ಆಡುತ್ತದೆ. ಹೇಳು ಬೇರೆ, ಹೇಳಿಕೊಡು ಬೇರೆ. ತಿನ್ನು ಬೇರೆ, ತಿಂದುಹಾಕು ಬೇರೆ. ಕುರಿ ನೋಡು ಎಂದರೆ ಕಣ್ಣಿನ ಕೆಲಸ, ಕುರಿ ನೋಡಿಕೋ ಎಂದರೆ ದಿನವಿಡೀ ಬಿಸಿಲಿನ ಕೆಲಸ. ಈ ವ್ಯತ್ಯಾಸವನ್ನು ಯಾವ ತಾಯಿಯೂ ಪಟ್ಟಿ ಮಾಡಿ ಕಲಿಸಿಲ್ಲ, ಯಾವ ಮಗುವೂ ಇದರಲ್ಲಿ ಎಡವಿಲ್ಲ. ಇಲ್ಲಿಂದ ಆರಂಭಿಸಿ ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋಗಬಹುದಿತ್ತು. ಆದರೆ ಅದಕ್ಕೆ ವರ್ಷ ಬೇಕು. ತಮಗೆ ಬೇಕಾದದ್ದು ಒಂದು ಮಧ್ಯಾಹ್ನ, ನನಗೆ ಬೇಕಾದದ್ದು ಆ ಮಧ್ಯಾಹ್ನ ಸುಸೂತ್ರವಾಗಿ ಕಳೆಯುವುದು.

ತಾವು ಬರುವ ದಿನದ ಬೆಳಿಗ್ಗೆಯೇ ಅದೇ ತರಗತಿಯ ರೇಣಮ್ಮ ಶಾಲೆಗೆ ಬಂದಳು. ಅವಳ ಮನೆಯವರು ಮೇವು ಹುಡುಕಿಕೊಂಡು ಕುರಿ ಹೊಡೆದುಕೊಂಡು ಹೋಗಿದ್ದರು, ಜೊತೆಗೆ ಅವಳೂ ಹೋಗಿದ್ದಳು. ಹಂಚಿಕೆ ನಡೆದಾಗ ಇರಲಿಲ್ಲ.

"ಸರ್ರ, ಎಲ್ಲಾರಿಗೀ ಒಂದೊಂದು ಕೊಟ್ಟೀರಂತ. ನಂದು ಎಲ್ಲೈತ್ರಿ?"

"ಎಲ್ಲಾ ಮುಗದಾವವ್ವ. ನೀ ಹಿಂದ ಅಂಬರೀನಳ ಬಾಜು ಕುಂದ್ರು. ತಲಿ ಎತ್ತಬ್ಯಾಡ."

ಒಬ್ಬ ಮಾಸ್ತರ ತನ್ನ ವಿದ್ಯಾರ್ಥಿನಿಗೆ ಹೇಳಬಹುದಾದ ಮಾತೇ ಇದು? ಹೇಳಿದೆ.

ತಾವು ಬಂದಿರಿ, ಮಿರ್ಚಿ ಭಜಿ ತಿಂದು ಚಹಾ ಕುಡಿದು ತರಗತಿಗೆ ದಯಮಾಡಿಸಿದಿರಿ. ಮಕ್ಕಳು ಸಾಲಾಗಿ ಎದ್ದು ತಮ್ಮ ತಮ್ಮ ಪಾಲು ಒಪ್ಪಿಸಿದರು. ತಮ್ಮ ಮುಖ ಅರಳುತ್ತಾ ಹೋಯಿತು. ತಾವು ಹಿಂದಿನ ಬೆಂಚಿನ ಹತ್ತಿರ ಬಂದಾಗ ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ತಲೆ ತಗ್ಗಿಸಿದವಳನ್ನೇ ಆರಿಸುವುದು ಅಧಿಕಾರಿಗಳ ಅಭ್ಯಾಸ. "ನೀನು ಹೇಳಮ್ಮ" ಎಂದು ರೇಣಮ್ಮನಿಗೆ ಕೈ ತೋರಿಸಿದಿರಿ. ಅವಳು ಎದ್ದು ನಿಂತು ಓಡಣಿಯ ಚುಂಗು ಹಿಂಡತೊಡಗಿದಳು. ಆಗ ಪಕ್ಕದಲ್ಲಿದ್ದ ಅಂಬರೀನ ಪಿಸುಗುಟ್ಟಿದ್ದು ತಮಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ಲುಕ್ ಅಂದ್ರ ನೋಡೂದು. ಲುಕ್ ಆಫ್ಟರ್ ಅಂದ್ರ ನೋಡ್ಕೊಳ್ಳೂದು. ನಾ ನಮ್ ತಮ್ಮಗ ನೋಡ್ಕೊತೀನಲ್ಲ, ಹಂಗ."

ರೇಣಮ್ಮ ಓಡಣಿ ಕೈಬಿಟ್ಟು ಹೇಳಿದಳು: "ಐ ಲುಕ್ ಆಫ್ಟರ್ ಮೈ ಶೀಪ್."

ತಾವು ಚಪ್ಪಾಳೆ ತಟ್ಟಿದಿರಿ. ಲುಕ್ ಆಫ್ಟರ್ ನಾನು ಅಂಬರೀನಳಿಗೆ ಹಂಚಿದ್ದು, ಆದರೆ ಅವಳಿಗೆ ಕೊಟ್ಟಿದ್ದ ವಾಕ್ಯದಲ್ಲಿ ಇದ್ದದ್ದು ತಮ್ಮ, ಕುರಿ ಅಲ್ಲ. ಅಂದರೆ ಆ ದಿನ ಆ ಕೋಣೆಯಲ್ಲಿ ಗಿಣಿಪಾಠ ಒಪ್ಪಿಸದೆ ಅರ್ಥ ಮಾಡಿಕೊಂಡು ತನ್ನದೇ ವಾಕ್ಯ ಕಟ್ಟಿದವಳು ಒಬ್ಬಳೇ, ರೇಣಮ್ಮ. ಕಲಿಸಿದವಳೂ ಒಬ್ಬಳೇ, ಅಂಬರೀನ. ಉಳಿದದ್ದೆಲ್ಲ ನನ್ನ ನಾಟಕ.

ಆಮೇಲೆ ತಾವು ಅಂಬರೀನಳ ಕಡೆ ತಿರುಗಿದಿರಿ. ಅವಳ ಹತ್ತಿರ ಇದ್ದದ್ದು ಒಂದೇ, ಅದನ್ನು ಕೊಟ್ಟಾಗಿತ್ತು. ಹೇಳಿದ್ದನ್ನು ಮತ್ತೆ ಹೇಳಬಾರದು ಎಂಬುದು ತಮ್ಮದೇ ಷರತ್ತು. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. "ಮೇಸ್ಟ್ರೇ, ಈ ಹುಡುಗಿ ಸ್ಲೋ ಲರ್ನರ್. ಬರ್ಕೊಳ್ಳಿ" ಎಂದಿರಿ. ಬರೆದುಕೊಂಡೆ. ನಡೆದದ್ದು ಹೇಳಿದರೆ ನನ್ನ ಹಂಚಿಕೆ ಬಯಲಾಗುತ್ತಿತ್ತು, ಬೋರ್ಡು ಕೈತಪ್ಪುತ್ತಿತ್ತು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎನ್ನುತ್ತಾರೆ. ಇಲ್ಲಿ ಕೋಡಂಗಿಯಾದವಳು ಆ ಹುಡುಗಿ. ಈರಭದ್ರರಾದದ್ದು ಪಾಪ ರೇಣಮ್ಮ ಅಲ್ಲ, ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ ನಾವು. ರೇಣಮ್ಮ ಅಂದು ಶಾಲೆ ಬಿಡುವ ಹೊತ್ತಿಗೆ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ, ಅಂಥ ಮನುಷ್ಯ ನಾನು. ಮೊನ್ನೆ ಅಂಬರೀನಳ ತಾಯಿ ಹಜರಾಬೀ ಶಾಲೆಗೆ ಬಂದರು. ಒಳಗೆ ಬರಲಿಲ್ಲ, ಬೋರ್ಡಿನ ಕೆಳಗೇ ನಿಂತರು.

"ಸರ್, ನಮ್ ಹುಡುಗಿಗಿ ಮಂದ ಅಂತ ಬರದೀರಂತ. ಖರೇ ಏನ್ರಿ? ಅವರಪ್ಪ ಅಂತಾರ, ಸರ್ಕಾರದವ್ರೇ ಅಂದಮ್ಯಾಲ ಹತ್ತನೇ ಕ್ಲಾಸಿಗಿ ಯಾಕ ಕಳಸೂದು, ಮನ್ಯಾಗ ಇರಲಿ ಅಂತ. ನೀವು ಒಂದ್ ಮಾತು ಹೇಳ್ರಿ. ಸುಳ್ಳು ಅಂತ ಹೇಳ್ರಿ, ನಾ ಹೋಗಿ ಅವರಿಗೆ ಹೇಳ್ತೀನಿ."

"ಮ್ಯಾಲಿನವ್ರು ಬರಸಿದ್ದು ಆಪಾ. ನೋಡೋಣ್ರಿ" ಎಂದೆ. ಎರಡನೇ ಸಲ ಕಿಟಕಿ ನೋಡಿದ ಹಾಗಾಯಿತು. ಆ ತಾಯಿ ಬುರ್ಖಾ ಸರಿಮಾಡಿಕೊಂಡು ಹೋದರು.

ಆ ಹುಡುಗಿ ಮನೆಯಲ್ಲಿ ಉರ್ದು ಆಡುತ್ತಾಳೆ, ಬೀದಿಯಲ್ಲಿ ಕನ್ನಡ, ಗುರಮಿಟಕಲ್ಲಿನ ಚಿಕ್ಕಮ್ಮನ ಜೊತೆ ಫೋನಿನಲ್ಲಿ ತೆಲುಗು. ಮೂರು ಭಾಷೆ ಆಡುವವಳನ್ನು ನಾಲ್ಕನೆಯದರ ಒಂದು ತುಣುಕು ಹೇಳಲಿಲ್ಲವೆಂದು ಮಂದ ಎನ್ನುವುದಾದರೆ, ಶಾಣ್ಯಾತನದ ಅಳತೆಗೋಲು ತಮ್ಮ ಕಚೇರಿಯಲ್ಲಿ ಯಾವುದಿದೆಯೋ ತಿಳಿಸಿ. ಆ ಸಂಜೆ ಅವಳನ್ನು ಕರೆದು ಕೇಳಿದೆ, ನಿನ್ನದನ್ನು ಯಾಕೆ ಕೊಟ್ಟೆ ಎಂದು. ನಾನು ಏನೋ ತಪ್ಪು ಹಿಡಿದೆನೆಂದು ಹೆದರಿ ಅವಳು ಸಣ್ಣ ದನಿಯಲ್ಲಿ ಹೇಳಿದಳು: "ಅಕಿ ಬಲ್ಲಿ ಒಂದೂ ಇರಲಿಲ್ರಿ ಸರ್. ನನ್ನ ಬಲ್ಲಿ ಒಂದಿತ್ತಲ್ರಿ."

ಮಾನ್ಯರೇ, ನನ್ನ ಕೋರಿಕೆ ಇಷ್ಟು. ಬೋರ್ಡು ತೆಗೆಸಿ. ಇನ್ನೊಮ್ಮೆ ಬನ್ನಿ, ಈ ಸಲ ಹೇಳದೆ ಬನ್ನಿ. ಹಿಂದಿನ ಬೆಂಚಿನಲ್ಲಿ ಆ ಇಬ್ಬರ ಜೊತೆ ಕೂತು, ಲುಕ್ ಆಫ್ಟರ್ ಎಂಬುದನ್ನು ಯಾರು ಹೇಳಿಕೊಟ್ಟರು ಎಂದು ರೇಣಮ್ಮನನ್ನು ಕೇಳಿ. ಆಮೇಲೆ ಹಜರಾಬೀ ಅವರ ಮನೆಗೆ ಹೋಗಿ, ನಾವು ಬರೆದದ್ದು ತಪ್ಪು ಎಂದು ಆ ಹುಡುಗಿಯ ತಂದೆಗೆ ಹೇಳಿ. ದಾರಿ ತೋರಿಸಲು ನಾನು ಬರುತ್ತೇನೆ. ತಾವು ಬರದಿದ್ದರೆ ಒಬ್ಬನೇ ಹೋಗುತ್ತೇನೆ. ಸ್ಲೋ ಲರ್ನರ್ ಎಂಬ ಸಾಲಿನಲ್ಲಿ ಒಂದು ಹೆಸರು ಇರಲೇಬೇಕು ಎಂಬುದು ತಮ್ಮ ಇಲಾಖೆಯ ನಿಯಮವಾದರೆ, ಅಂಬರೀನಳದ್ದು ಹೊಡೆದುಹಾಕಿ ನನ್ನದು ಬರೆಯಿರಿ. ಒಬ್ಬಳು ಹುಡುಗಿ ಪಿಸುಮಾತಿನಲ್ಲಿ ಮಾಡಿ ತೋರಿಸಿದ್ದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಇಂತಿ,
ನಿಧಾನವಾಗಿ ಕಲಿಯುತ್ತಿರುವ
ವಿಶ್ವರಾಧ್ಯ
ತಾವು ಮೆಚ್ಚಿ ಹೋದ ಇಂಗ್ಲಿಷ್ ಮಾಸ್ತರ, ಶಹಾಪುರ ತಾಲೂಕು