ಕಪ್ಪೆಗಳಿಗೆ ಎತ್ತರದ ಮನೆ

ಫೆಬ್ರವರಿ 9, ಭಾನುವಾರ
ಬೆಳಿಗ್ಗೆ ಕಪ್ಪೆ ಡಬ್ಬಿಗೆ ನೀರು ಸಿಂಪಡಿಸಿದೆ. ಮುಚ್ಚಳದೊಳಗೆ ಮತ್ತೆ ಬೂಷ್ಟು. ಗಾಳಿಯೇ ಆಡುವುದಿಲ್ಲ. ಕಪ್ಪೆಗಳು, ಮಾಮೆ, ಯೂಜು, ಎರಡೂ ಮೂಲೆಗೆ ಅಂಟಿಕೊಂಡಿದ್ದವು — ಹತ್ತಲು ಜಾಗವೆಲ್ಲಿದೆ? ಗದ್ದೆ ಬದುವಿನಿಂದ ಮಿಸಾವೊ, ಅವಳ ಮಗಳು ಕೊಹಾರು ಸೇರಿ ಹಿಡಿದು ತಂದಾಗ ಉಗುರಿನಷ್ಟಿದ್ದವು. ಚಳಿ ಕಳೆಯಲಿ, ದೊಡ್ಡ ಮನೆ ಕೊಡಿಸೋಣ ಅಂದಿದ್ದಳು ಮಿಸಾವೊ. ಜನವರಿಯಲ್ಲಿ ಅವಳೇ ತೀರಿಹೋದಳು.

ಮಧ್ಯಾಹ್ನ ಕೊಹಾರು ಜೊತೆ ಅಂಗಡಿಗೆ. ಅಗಲದ ತೊಟ್ಟಿಯೊಂದನ್ನು ತೋರಿಸಿದೆ.

"ಅದು ಆಮೆಗೆ, ತೆತ್ಸು ಸಾನ್. ಇವು ಮರಗಪ್ಪೆ. ನಿಮ್ಮನ್ನ ಮಂಚದ ಕೆಳಗೆ ಮಲಗಿಸಿದ್ರೆ ಹೆಂಗಿರತ್ತೆ?"

ಹತ್ತು ವರ್ಷ. ನನ್ನನ್ನು ಹೆಸರಿಗೆ ‘ಸಾನ್’ ಅನ್ನೋ ಮರ್ಯಾದೆ ಸೇರಿಸಿಯೇ ಕರೆಯುತ್ತಾಳೆ. ತಾಯಿಯದೇ ನಾಲಿಗೆ. ಇಬ್ಬರೂ ನಕ್ಕೆವು. ಆಮೇಲೆ ನಕ್ಕಿದ್ದಕ್ಕೆ ಇಬ್ಬರಿಗೂ ಒಂಥರಾ ಆಯಿತು. ಎತ್ತರದ ಗಾಜಿನ ಮನೆಯೊಂದು ಅವಳಿಗೆ ಹಿಡಿಸಿದೆ. ಮೊದಲು ಮನೆಯಲ್ಲಿ ಜಾಗ ನೋಡೋಣ ಅಂತ ಬಂದೆವು.

ಫೆಬ್ರವರಿ 23
ಜಾಗ ಇನ್ನೂ ಗೊತ್ತಾಗಿಲ್ಲ. ಕಿಟಕಿ ಬಳಿ ಇಟ್ಟರೆ ಬಿಸಿಲಿಗೆ ಗಾಜು ಕಾದು ಕಪ್ಪೆಗಳು ಬೇಯುತ್ತವೆ. ಅಡುಗೆಮನೆಯಲ್ಲಿ ಹಬೆ, ಎಣ್ಣೆ. ಚಪ್ಪಲಿ ಕಪಾಟಿನ ಮೇಲೆ ಇಡೋಣ ಅನ್ನುತ್ತಾಳೆ ಕೊಹಾರು. ನಾನು ಕೆಲಸದಿಂದ ಬಂದ ತಕ್ಷಣ ಅವುಗಳಿಗೆ ಮೊದಲು ಕಾಣುತ್ತೇನಂತೆ.

ಮಾರ್ಚ್ 8, ಶನಿವಾರ
ಅಕಿತಾದ ಹಳ್ಳಿಯಿಂದ ಮಿಸಾವೊಳ ಅಮ್ಮ ಫುಸಾ ಬಂದಿದ್ದರು. ಕೊಹಾರುವನ್ನು ಕರೆದುಕೊಂಡು ಹೋಗುತ್ತಾರಂತೆ. ಏಪ್ರಿಲ್‌ನಿಂದ ಶಾಲೆಯೂ ಅಲ್ಲೇ. ನನ್ನ ಮೇಲೆ ಕೋಪವೇನೂ ಇಲ್ಲ. ನಾನು ಮಾಡಿದ ಮಿಸೊ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಕಪ್ಪೆ ನೋಡಿ, ನಮ್ಮ ಗದ್ದೆಯಲ್ಲಿ ಇವುಗಳ ಕಾಟಕ್ಕೆ ನಿದ್ದೆ ಇಲ್ಲ, ನೀವು ಮನೆ ಕೊಡಿಸುತ್ತೀರಲ್ಲ ಅಂದರು. ಹೊರಗೆ ಬಿಟ್ಟುಬಿಡಿ ಅಂದರು. ಕೊಹಾರು ಡಬ್ಬಿ ಎತ್ತಿಕೊಂಡು ಎದ್ದುಹೋದಳು.

ಆಮೇಲೆ ತಗ್ಗಿದ ದನಿಯಲ್ಲಿ — "ನಿಮ್ಮದೇನೂ ತಪ್ಪಿಲ್ಲಪ್ಪ. ಆದ್ರೆ ನೀವು ಅವಳಿಗೆ ಏನಾಗ್ಬೇಕು ಅಂತ ಯಾರಾದ್ರೂ ಕೇಳಿದ್ರೆ, ಏನು ಹೇಳ್ತೀರಿ?"

ಮಿಸಾವೊ, ನಾನು ಐದು ವರ್ಷ ಒಂದೇ ಮನೆಯಲ್ಲಿದ್ದೆವು. ಮದುವೆ ಮಾಡಿಕೊಳ್ಳೋಣ ಅನ್ನುತ್ತಲೇ ಇದ್ದೆವು. ಸಾರಿನ ಬಟ್ಟಲುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮಾರ್ಚ್ 9
ಕೊಹಾರು ಹಲ್ಲುಜ್ಜುತ್ತ ಕೇಳಿದಳು. "ನಾನು ಹೋಗ್ಲಾ?"

ನಾನು ಓಡಿಸುವ ಬೇಕರಿ ವ್ಯಾನ್ ಕತ್ತಲಲ್ಲೇ ಹೊರಡಬೇಕು. ಜನವರಿಯಿಂದ ಅವಳು ಒಬ್ಬಳೇ ಎದ್ದು, ತಣ್ಣನೆಯ ಅನ್ನ ತಿಂದು, ಬೀಗ ಹಾಕಿ ಶಾಲೆಗೆ ಹೋಗುತ್ತಾಳೆ. ಹೋಗು, ಅಲ್ಲಿ ಮನೆತುಂಬ ಜನ ಇದ್ದಾರೆ ಅಂದೆ. ಬಾಯಿ ಮುಕ್ಕಳಿಸಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 16, ಸಂಜೆ
ಕಪ್ಪೆಗಳೂ ಅಕಿತಾಕ್ಕೆ. ಅಜ್ಜಿ ಒಪ್ಪಿದ್ದಾರೆ. ಗಾಜಿನ ಮನೆ ಅಲ್ಲಿನ ಕೋಣೆಗೆ ಹೊಂದಬೇಕಲ್ಲ, ಫುಸಾಗೆ ಫೋನ್ ಮಾಡಿದೆ. ಕಿಟಕಿ ಯಾವ ಕಡೆ? ಉತ್ತರ. ಒಳ್ಳೆಯದು. ಸ್ಟೋವ್ ಎಷ್ಟು ದೂರ? ಸೂರು ಇಳಿಜಾರಂತೆ, ಸೊಂಟದೆತ್ತರ ದಾಟಿದರೆ ಕೂರುವುದಿಲ್ಲ. ಚಳಿಗಾಳಿ ನುಗ್ಗುತ್ತಾ? ಕೋಣೆ ತೀರಾ ಕತ್ತಲಾ? ರಾತ್ರಿ ಏನಾದರೂ ಸದ್ದಾದರೆ ಯಾರಿಗಾದರೂ ಗೊತ್ತಾಗುತ್ತಾ?

ಅವರೆಂದರು — "ಪಕ್ಕದ ಕೋಣೇಲೇ ನಾನು ಮಲಗೋದು. ಬಾಗಿಲು ತೆಗೆದೇ ಇಡ್ತೀನಿ. ಅವಳು ಅತ್ರೆ ನಂಗೆ ಕೇಳತ್ತೆ."

ಕಪ್ಪೆಗಳ ಬಗ್ಗೆ ಕೇಳಿದ್ದೆ ನಾನು.

ಮಾರ್ಚ್ 20
ಕೊಂಡೆವು. ಆ ಸೂರಿನಡಿ ಹಿಡಿಸುವ ಅತಿ ಎತ್ತರದ್ದು. ಮೇಲೆ ಜಾಲರಿ, ಬಾಗಿಲು ಮುಂದೆ — ಮೇಲಿನಿಂದ ಕೈ ಬಂದರೆ ಹಕ್ಕಿ ಅಂದುಕೊಂಡು ಹೆದರುತ್ತವಂತೆ. ಬಾಗಿಲ ಸಂದುಗಳಲ್ಲೆಲ್ಲ ಕೊಹಾರು ಕಿರುಬೆರಳು ತೂರಿಸಿ ನೋಡಿದಳು. ಎಲ್ಲಿಡುತ್ತೀರಿ ಎಂದು ಅಂಗಡಿಯವಳು ಕೇಳಿದಳು. ಮಗಳ ಕೋಣೆಯಲ್ಲಿ ಅಂದೆ. ಬಾಯಿಗೆ ಬಂದುಬಿಟ್ಟಿತು. ಕೊಹಾರು ತಿರುಗಿ ನೋಡಲಿಲ್ಲ. ವ್ಯಾನಿನಲ್ಲಿ ಮನೆವರೆಗೂ ನನ್ನ ತೋಳು ಹಿಡಿದೇ ಕೂತಿದ್ದಳು. ಗೇರ್ ಹಾಕುವುದೇ ಕಷ್ಟವಾಯಿತು.

ಮಾರ್ಚ್ 27, ಗುರುವಾರ
ಗಾಜಿನ ಮನೆ ಮೊನ್ನೆಯೇ ಕೊರಿಯರ್‌ನಲ್ಲಿ ಹೋಯಿತು. ಕಪ್ಪೆಗಳು ಒದ್ದೆ ಪಾಚಿ ಹಾಸಿದ ಪುಟ್ಟ ಡಬ್ಬಿಯಲ್ಲಿ, ರೈಲು ಹತ್ತಿ ಕೂತ ಕೊಹಾರು ತೊಡೆಯ ಮೇಲೆ. ರೈಲಿನ ಕಿಟಕಿ ತೆರೆಯುವುದಿಲ್ಲ. ಒಳಗಿಂದ ಏನೋ ಹೇಳಿದಳು. ತಲೆಯಾಡಿಸಿದೆ. ಏನು ಹೇಳಿದಳೋ…

ಏಪ್ರಿಲ್ 20
ಕೊಹಾರು ಫೋನ್. ಮೊದಲ ದಿನವೇ ಯೂಜು ತುದಿಯವರೆಗೆ ಹತ್ತಿತಂತೆ. ಶಾಲೆಯಲ್ಲಿ ತಾನು ಯಾರ ಜೊತೆಗೂ ಊಟ ಮಾಡುವುದಿಲ್ಲವಂತೆ. ವಾಪಸ್ ಬರ್ತೀನಿ ಅಂದಳು. ಸ್ವಲ್ಪ ದಿನ ನೋಡು ಅಂದೆ. ಫೋನಿಟ್ಟ ಮೇಲೆ ವ್ಯಾನ್ ಕೀಲಿ ತೆಗೆದುಕೊಂಡು ಕೆಳಗಿಳಿದೆ. ಸೀಟಿನಲ್ಲಿ ಕೂತೆ. ಹಾಗೇ ಮೇಲೆ ಬಂದೆ.

ಜುಲೈ 6
ಕೊಹಾರುಗೆ ಗೆಳತಿ ಸಿಕ್ಕಿದ್ದಾಳೆ. ಕಪ್ಪೆ ನೋಡಲು ಮನೆಗೂ ಬರುತ್ತಾಳಂತೆ. ಆಗಸ್ಟ್‌ನ ಓಬೋನ್‌ಗೆ ಬನ್ನಿ, ಸತ್ತವರನ್ನು ಮನೆಗೆ ಬರಮಾಡಿಕೊಳ್ಳುವ ಹಬ್ಬ, ಮಿಸಾವೊಳ ಮೊದಲ ವರ್ಷ, ಎಂದು ಫುಸಾ ಕರೆದರು. ರಜೆ ಕೇಳಿದೆ. ಕೊಟ್ಟರು.

ಆಗಸ್ಟ್ 10, ಭಾನುವಾರ
ಬ್ಯಾಗ್ ತುಂಬುತ್ತಿದ್ದೆ. ಕೊಹಾರು ಫೋನ್.

"ತೆತ್ಸು ಸಾನ್, ಈ ಸಲ ಬರ್ಬೇಡಿ. ಬಂದ್ರೆ ನಿಮ್ಮ ಜೊತೇನೇ ಬಂದ್ಬಿಡ್ತೀನಿ. ಈಗಷ್ಟೇ… ಈಗಷ್ಟೇ ಇಲ್ಲಿ ನಿದ್ದೆ ಬರ್ತಾ ಇದೆ."

ಆಯ್ತು ಅಂದೆ. ಬ್ಯಾಗ್ ಇನ್ನೂ ತುಂಬಿರಲಿಲ್ಲ ಅಂದೆ. ಕಪ್ಪೆಗಳು ಹೇಗಿವೆ ಎಂದು ಕೇಳಿದೆ. ಮಾಮೆ ಕೂಗಲು ಶುರುಮಾಡಿದೆಯಂತೆ. ಕೇಳಿಸ್ತೀನಿ ಇರಿ ಅಂತ ಫೋನನ್ನು ಗಾಜಿನ ಮನೆಯ ಬಾಗಿಲ ಬಳಿ ಹಿಡಿದಳು. ತುಂಬ ಹೊತ್ತು ಹಿಡಿದಿದ್ದಳು. ನನಗೆ ಕೇಳಿದ್ದು ಅವಳ ಉಸಿರಷ್ಟೇ.

"ಕೇಳಿಸ್ತಾ?"

ಹೂಂ ಅಂದೆ. ಚೆನ್ನಾಗಿ ಕೇಳಿಸ್ತು ಅಂದೆ. ಆಮೇಲೆ ಅವಳು ಫೋನಿಟ್ಟಳು, ನಾನು ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ವಾಪಸ್ ಇಟ್ಟೆ.