ಡಬ್ಬಿಯೊಳಗಿನ ಚಳಿಗಾಲ

ಅಡುಗೆಮನೆಯ ಮೇಜಿನಿಂದ,
ಭಾನುವಾರ ಮಧ್ಯಾಹ್ನ

ಬಾಯ್ಲರ್ ಸಾಹೇಬರಿಗೆ ಮನೆಯವಳ ನಮಸ್ಕಾರ.

ಹೇಗಿದ್ದೀರಿ? ಕೆಮ್ಮು ಹೋಯಿತೇ? ಇಡೀ ಕಾರ್ಖಾನೆಯನ್ನು ಬೆಚ್ಚಗಿಡುವವರೇ ಶಾಲು ಹೊದ್ದು ಕೆಮ್ಮಿದರೆ ಯಾರಿಗೆ ಹೇಳೋಣ. ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮನೂ ಆರಾಮವಾಗಿದ್ದಾರೆ, ಹಾಗಂತಲೇ ಬರೆಯಬೇಕೆಂದು ಅವರ ಅಪ್ಪಣೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಯಂತ್ರದ ಗದ್ದಲದಲ್ಲಿ ನೀವು ಎಲ್ಲದಕ್ಕೂ ‘ಹ್ಞೂಂ, ಹ್ಞೂಂ’ ಅನ್ನುತ್ತೀರಿ, ಆಮೇಲೆ ‘ಬೀಜ ಹೇಗಿವೆ?’ ಅನ್ನುತ್ತೀರಿ. ನನ್ನ ಹಲ್ಲುನೋವಿನ ಕಥೆ ಅರ್ಧಕ್ಕೆ ಬಂದಾಗಲೂ ಹಾಗೇ ಕೇಳಿದಿರಿ. ಅದಕ್ಕೇ ಈ ಕಾಗದ.

ನಿಮ್ಮ ಬೀಜದ ವಿಷಯಕ್ಕೇ ಬರುತ್ತೇನೆ. ರಜೆಗೆ ಬಂದಾಗ ಆ ಹಿಮದೂರಿನ ಕಾರ್ಖಾನೆಯ ಗೇಟಿನ ಹತ್ತಿರದ ಆ ಕೆಂಪೆಲೆಯ ಜಪಾನಿ ಮೇಪಲ್ ಮರದ ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿರಿ. ಬೀಜಕ್ಕಂಟಿದ ರೆಕ್ಕೆ ಮುರಿದು, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳಿನ ಜೊತೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿರಿ. ‘ಚಳಿಗಾಲ ಕಳೀತು ಅಂತ ಗೊತ್ತಾಗದೆ ಇವು ಏಳಲ್ಲ. ಇದೇ ಇವುಗಳ ಚಳಿಗಾಲ. ಮುಗಿದ ಮೇಲೆ ಬರ್ತೀನಿ, ನಾನೇ ಬಿತ್ತುತೀನಿ, ಯಾರೂ ಕೈ ಹಾಕಬೇಡಿ’ ಎಂದು ಹೇಳಿ ಹೊರಟುಹೋದಿರಿ. ಅವತ್ತಿನಿಂದ ನಮ್ಮ ಹಾಲಿನ ಪಾತ್ರೆಗೆ ಜಾಗವಿಲ್ಲ. ಮರಳು ಒಣಗಬಾರದು, ನೀರು ನಿಲ್ಲಬಾರದು, ಬೂಸಲು ಹಿಡಿಯಬಾರದು, ಡಬ್ಬಿ ಹಿಂದಕ್ಕೆ ಸರಿದು ಹೆಪ್ಪುಗಟ್ಟಬಾರದು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಫ್ರಿಜ್ಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಕರೆಂಟು ಹೋದರೆ ನಿಮ್ಮಮ್ಮ ‘ಅಯ್ಯೋ, ಚಳಿಗಾಲ ಹೋಯ್ತು ಕಣೇ!’ ಎಂದು ಕೂಗುತ್ತಾರೆ. ಮದುವೆಯ ದಿನವೂ ನನಗೆ ಇಷ್ಟು ಉಪಚಾರ ನಡೆದಿರಲಿಲ್ಲ.

ಬೀಜಗಳು ಡಬ್ಬಿಯೊಳಗೇ ಬಿಳಿ ಬೇರು ಚಾಚಿವೆ ಎಂದು ನಾನು ಹೇಳಿದರೆ ನೀವು ‘ಇನ್ನೂ ಸ್ವಲ್ಪ ತಡೆದಿಡು’ ಅಂದಿರಿ. ಹೇಗೆ ತಡೆಯುವುದು ಸ್ವಾಮೀ, ಕಿವಿ ಹಿಂಡಿಯೇ? ಅದೇ ಉಸಿರಿನಲ್ಲಿ ಬಾಲವನ್ನೂ ಸೇರಿಸಿದಿರಿ: ಅಲ್ಲಿ ಹೊಸ ಬಾಯ್ಲರ್ ಬರುತ್ತದಂತೆ, ನೀವೇ ಬೇಕಂತೆ, ‘ಇನ್ನೊಂದು ಚಳಿಗಾಲ, ಅಷ್ಟೇ.’ ಸ್ಪೀಕರ್ ಹಾಕಿದ್ದೆ. ನಿಮ್ಮಮ್ಮನಿಗೂ ಕೇಳಿಸಿತು. ತಟ್ಟೆ ತೊಳೆಯಲು ಎದ್ದುಹೋದರು.

ಮರುದಿನ ಸಂಜೆ ಬಂದು ನೋಡಿದರೆ ಈ ಮೇಜಿನ ತುಂಬ ಮಣ್ಣು. ನಿಮ್ಮ ಡಬ್ಬಿ ಖಾಲಿ. ಮೊಸರಿನ ಡಬ್ಬ, ಐಸ್‌ಕ್ರೀಮಿನ ಡಬ್ಬ, ಕೊನೆಗೆ ಯಾರೂ ಮುಟ್ಟಬಾರದೆಂದು ನೀವು ಮೇಲಿನ ಕಪಾಟಿನಲ್ಲಿಟ್ಟಿದ್ದ ಚಹಾದ ಸ್ಟೀಲ್ ಮಗ್ಗನ್ನೂ ಬಿಡದೆ, ಅದರ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ನಿಮ್ಮಮ್ಮ ಎಲ್ಲದರಲ್ಲೂ ಬೀಜ ಊರಿದ್ದಾರೆ! ನಾನು ಬಾಯಿ ಬಾಯಿ ಬಡಿದುಕೊಂಡೆ. ಅವರು ಉಗುರಿನ ಮಣ್ಣು ಕೆರೆಯುತ್ತ, ‘ಚಳಿಗಾಲ ಮುಗಿದ ಮೇಲೆ ಬರ್ತೀನಿ ಅಂದಿದ್ದ ತಾನೇ? ಮುಗಿಸಿದೀನಿ. ಬರಲಿ’ ಅಂದರು. ನಿಮ್ಮ ಹಟ ಎಲ್ಲಿಂದ ಬಂದದ್ದೆಂದು ನನಗೆ ಅವತ್ತು ತಿಳಿಯಿತು.

ಈಗ ಕಿಟಕಿಯ ಕಟ್ಟೆಯ ಮೇಲೆಲ್ಲ ಸಸಿ. ಮೊದಲ ಎರಡೆಲೆ ನೋಡಿ ಪಕ್ಕದ ಮನೆಯ ಮೇಷ್ಟ್ರು ‘ಮೂಲಂಗಿನಾ?’ ಎಂದು ಕೇಳಿದರು. ಆಮೇಲೆ ಪುಟ್ಟ ಅಂಗೈಯಂಥ ನಿಜವಾದ ಎಲೆ ಬಂತು. ಆದರೆ ಕೆಂಪು ಎಲ್ಲಿ? ಹಸಿರೋ ಹಸಿರು. ಬೀಜದಿಂದ ಬಂದದ್ದು ತಾಯಿಮರದ ಬಣ್ಣವನ್ನೇ ತರಬೇಕೆಂದಿಲ್ಲವಂತೆ. ಇದನ್ನು ಮೊದಲೇ ಹೇಳಲು ನಿಮಗೇನಾಗಿತ್ತು? ನಿಮ್ಮ ಮಗ್ಗಿನದು ಮಾತ್ರ ಕೆಂಪಾಗಿದೆ. ನಿಮ್ಮಮ್ಮ ದಿನಾ ಅದನ್ನು ಬಿಸಿಲಿಗೆ ತಿರುಗಿಸಿಟ್ಟು, ನಿಮ್ಮನ್ನು ಬೈಯುವ ಮಾತುಗಳಲ್ಲೇ ಅದನ್ನೂ ಬೈಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಅದರ ಮುಖ ನೋಡುವ ಚಾಳಿ ನನಗೂ ಅಂಟಿದೆ, ನಗಬೇಡಿ.

ಹೊಟ್ಟೆಗೆ ಸರಿಯಾಗಿ ತಿನ್ನಿ. ಕೋಪ ಇಳಿದಿಲ್ಲ, ಆದರೂ ಕಿವಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಹೋಗಿ. ನಿಮ್ಮಮ್ಮನ ಆಶೀರ್ವಾದ, ಬೈಗುಳದ ಸಮೇತ.

ನಿಮ್ಮ ಬೀಜಗಳ ಆಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮೊಳೆಯದೆ ಉಳಿದ ಬೀಜಗಳಿಗೆ ಇನ್ನೊಂದು ಚಳಿಗಾಲ ಕೊಡಬೇಕು ಅಂದಿದ್ದಿರಲ್ಲ, ಈಗ ಅವನ್ನು ಮಣ್ಣಿನಿಂದ ಆರಿಸಿ ಮತ್ತೆ ಫ್ರಿಜ್ಜಿಗಿಡಲು ಹೋದೆ. ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡರು. ‘ಇನ್ನೊಂದು ಚಳಿಗಾಲ ನನ್ ಕೈಲಾಗಲ್ಲ ಕಣೇ’ ಅಂದರು. ಬೀಜದ ಮಾತೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ, ಗೋಡೆ ಹಿಡಿದು ಅಲ್ಲೇ ಕೂತರು. ಕೈಲಾಗಲ್ಲ ಅನ್ನುವ ಮಾತನ್ನು ಅವರ ಬಾಯಿಂದ ನೀವು ಯಾವತ್ತಾದರೂ ಕೇಳಿದ್ದೀರಾ? ಆರಾಮವಾಗಿದ್ದಾರೆ ಎಂದು ಮೇಲೆ ಬರೆದದ್ದು ಅವರು ಬರೆಸಿದ್ದು. ಇದು ನಾನು ಬರೆದದ್ದು. ಬಂದುಬಿಡಿ.