ಬಳ್ಳಾರಿಗೆ ಹೋದ ಅಳತೆಗಳು

ರಾಯದುರ್ಗ
೧೪-೯-೨೦೨೫, ಭಾನುವಾರ

ಪ್ರೀತಿಯ ಮಂಗಳಾ,

ಹೇಗಿದ್ದೀಯ? ನಿನ್ನ ಬೆನ್ನುನೋವು ಈಗ ಹೇಗಿದೆ? ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವವಳು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು, ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ನಿಮ್ಮ ಮನೆಯವರು ಲೋಕನಾಥ್ ಅವರ ಆರೋಗ್ಯ ಚೆನ್ನಾಗಿದೆಯೇ? ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ, ಎಂದಿನಂತೆ ಜೀನ್ಸ್ ಕಾರ್ಖಾನೆಗೆ ಹೋಗಿ ಬರುತ್ತಾರೆ, ಬಂದ ಮೇಲೆ ಟೀಗೆ ಸಕ್ಕರೆ ಕಮ್ಮಿ ಎನ್ನುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ. ಗುರುವಾರದಿಂದ ಒಂಬತ್ತು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ಬರೆದದ್ದು ಎಲ್ಲಿಗೆ ಹೋಗಿ ಕೂರುತ್ತದೆ ಎಂಬುದು ನನಗೆ ಈಗ ಗೊತ್ತಾಗಿದೆ.

ಅವ್ವ ರವಿಕೆಗೆ ಅಳತೆ ತೆಗೆಯುತ್ತಿದ್ದುದು ನಿನಗೆ ನೆನಪಿರಬೇಕು. ಮೊದಲು ಬಾಗಿಲು ಹಾಕುವಳು, ಗಂಡಸರು ಯಾರೇ ಇರಲಿ ಹೊರಗೆ ಕಳಿಸುವಳು, ಆಮೇಲೆ ಟೇಪು ಬಿಚ್ಚುವಳು. ಟೇಪು ಮೈಗೆ ತಾಗಿದ ಕೂಡಲೇ ಹೆಂಗಸರು ಯಾಕೋ ಮಾತಾಡಲು ಶುರುಮಾಡುತ್ತಾರೆ, ತಾಯಿಯ ಹತ್ತಿರ ಹೇಳದ್ದನ್ನೂ ಹೇಳುತ್ತಾರೆ. ಅವ್ವ ಪುಸ್ತಕದಲ್ಲಿ ಅಳತೆಯ ಕೆಳಗೆ ಒಂದು ಸಾಲು ಬರೆದುಕೊಳ್ಳುವಳು. ಒಂದು ಭುಜ ಇಳಿದಿದೆ, ಕುತ್ತಿಗೆಯಲ್ಲಿ ಕಲೆ, ಬಸುರಿ, ಪಕ್ಕದಲ್ಲಿ ಬಟ್ಟೆ ಬಿಡು ಅಂತ. ಬರೆದು ಪುಸ್ತಕವನ್ನು ಹೊಲಿಗೆ ಯಂತ್ರದ ಕೆಳಗಿನ ಡಬ್ಬಿಯಲ್ಲಿಟ್ಟು ನಮಗೆ ಹೇಳುತ್ತಿದ್ದಳು, “ಟೇಪು ಹಿಡಿದಾಕಿ ಬಾಯಿ ಬಿಡಬಾರದು ನೋಡ್ರಿ.” ಆ ಮಾತು ಕೇಳುತ್ತ ಬೆಳೆದವರು ನಾವಿಬ್ಬರೂ.

ಪುಸ್ತಕವನ್ನು ಇಲಿ ಕಡಿದ ವರ್ಷ ನನ್ನ ಫೋನಿನಲ್ಲಿ ಆ ನೋಟ್ಸ್ ಆ್ಯಪ್ ಹಾಕಿಕೊಟ್ಟವಳು ನೀನು. ಬಾಯಲ್ಲಿ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತಿತ್ತು. ನನಗೆ ಎಷ್ಟು ಹಿಗ್ಗು! ಕತ್ತರಿ ಕೈಯಲ್ಲಿರುವಾಗಲೇ ಹೇಳುತ್ತ ಹೋಗುತ್ತಿದ್ದೆ. ಅವ್ವ ಒಂದು ಸಾಲು ಬರೆಯುವ ಕಡೆ ನಾನು ನಾಲ್ಕು ಸಾಲು ಹೇಳಿದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಯಂತ್ರದ ಮುಂದೆ ಒಬ್ಬಳೇ ಕೂತು ನನ್ನಷ್ಟಕ್ಕೆ ನಾನು ಮಾತಾಡಿಕೊಂಡಂತೆ ಅನ್ನಿಸುತ್ತಿತ್ತು.

ಈ ಯುಗಾದಿಗೆ ಬಂದಾಗ ನೀನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಫೋನ್ ಬಾವಿಗೆ ಬಿದ್ದರೆ ಅಷ್ಟೂ ಅಳತೆ ಹೋಗುತ್ತದಲ್ಲ ಎಂದು ಹೆದರಿಸಿದೆ. ಹೋಳಿಗೆ ತಿಂದ ಕೈ ಒರೆಸಿಕೊಂಡು ಕೂತು, ಪರದೆಯ ಮೇಲೆ ಎರಡು ಚೌಕಗಳನ್ನು ತಂದು, ಒಂದರಿಂದ ಇನ್ನೊಂದಕ್ಕೆ ಬೆರಳಿನಿಂದ ಗೆರೆ ಎಳೆದೆ. ಒಂದು ಚೌಕ ನನ್ನ ನೋಟ್ಸ್, ಇನ್ನೊಂದು ಎಲ್ಲೋ ಕ್ಲೌಡ್‌ನಲ್ಲಿರುವ ಒಂದು ಟೇಬಲ್. “ಕೋಡ್ ಗೀಡ್ ಏನೂ ಬ್ಯಾಡಕ್ಕಾ. ನೀ ಸುಮ್ನ ಹೇಳ್ಕೋತ ಹೋಗು, ಅದು ತಾನ ಹೋಗಿ ಅಲ್ಲಿ ಕುಂದರತೈತಿ” ಎಂದೆ. ಹೆಸರು ಒಂದು ಕಾಲಂ, ಫೋನ್ ನಂಬರ್ ಒಂದು, ಎದೆ, ಸೊಂಟ, ಭುಜ, ತೋಳು ಒಂದೊಂದು. ಉಳಿದ ಮಾತೆಲ್ಲ ಕೊನೆಯ ಕಾಲಂಗೆ. ಅದಕ್ಕೆ ‘ವಿಶೇಷ’ ಎಂದು ಹೆಸರಿಟ್ಟವಳೂ ನೀನೇ. ಹಳೆಯ ನೋಟುಗಳನ್ನೂ ಇಬ್ಬರೂ ಕೂತು ಒಂದೊಂದಾಗಿ ಒತ್ತಿ ಕಳಿಸಿದೆವು. ನನ್ನ ತಂಗಿ ಎಷ್ಟು ಜಾಣೆ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಶ್ರಾವಣದಲ್ಲಿ ಬಳ್ಳಾರಿಯ ನಿಮ್ಮ ರೆಡಿಮೇಡ್ ಬ್ಲೌಸ್ ಕಂಪನಿಯಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡಿದರು ಎಂದಾಗ ಇಲ್ಲಿ ನಾನು ಪಾಯಸ ಮಾಡಿದೆ. ನಮ್ಮ ಕಡೆಯ ಹೆಂಗಸರ ಮೈಕಟ್ಟಿಗೆ ಸರಿಹೊಂದುವ ಸೈಜುಗಳನ್ನು ನೀನೇ ತಯಾರು ಮಾಡಿಕೊಟ್ಟೆಯಂತೆ. ಆ ಸೈಜುಗಳು ಎಲ್ಲಿಂದ ಬಂದವು ಎಂದು ನಾನು ಕೇಳಲಿಲ್ಲ, ನೀನು ಹೇಳಲೂ ಇಲ್ಲ. ನೀನು ನನ್ನ ಟೇಬಲನ್ನು ಹಾಗೇ ಎತ್ತಿ ನಿಮ್ಮ ಕಂಪನಿಯ ಯಜಮಾನರ ಕೈಗೆ ಕೊಟ್ಟಿದ್ದೆ. ಕೇಳಿದ್ದರೆ ಬರೀ ಅಂಕಿಗಳನ್ನು ನಾನೇ ಕೊಡುತ್ತಿದ್ದೆನಲ್ಲ, ಮಂಗಳಾ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಲಿ?

ಗುರುವಾರ ಬೆಳಿಗ್ಗೆ ಆದದ್ದನ್ನು ಕೇಳು. ನಿಮ್ಮ ಕಂಪನಿಯವರು ಆ ಟೇಬಲ್‌ಗೆ ಇನ್ನೊಂದು ಗೆರೆ ಎಳೆದಿದ್ದಾರೆ, ಅದರಲ್ಲಿರುವ ನಂಬರುಗಳಿಗೆಲ್ಲ ತಾನೇ ತಾನಾಗಿ ದಸರಾ ಮೆಸೇಜು ಹೋಗುವ ಹಾಗೆ. ಹೆಸರು, ನಿಮ್ಮ ಅಳತೆಯ ಬ್ಲೌಸ್ ಸಿದ್ಧವಿದೆ, ಎದೆ ಇಷ್ಟು, ಸೊಂಟ ಇಷ್ಟು, ಕೊನೆಯಲ್ಲಿ ‘ವಿಶೇಷ’. ನಮ್ಮೂರಿನಲ್ಲಿ ಎಷ್ಟು ಹೆಂಗಸರು ತಮ್ಮ ಸ್ವಂತ ನಂಬರ್ ಕೊಡುತ್ತಾರೆ? ಗಂಡನದು, ಮಗನದು, ಇಲ್ಲವೇ ಅತ್ತೆಯ ಸೆರಗಿನಲ್ಲಿರುವ ಮನೆಯ ಫೋನು. ಇದು ನಿನಗೆ ತಿಳಿಯದ್ದೇನಲ್ಲ.

ಶ್ರಾವಣಿಯ ಮೆಸೇಜು ಅವಳ ಅತ್ತೆ ಗುರುಶಾಂತಮ್ಮನ ಫೋನಿಗೆ ಹೋಯಿತು. ‘ವಿಶೇಷ: ಮೂರು ತಿಂಗಳು, ಅತ್ತೆಗೆ ಇನ್ನೂ ಹೇಳಿಲ್ಲ, ಹೋದ ಸಲದ ಹಾಗೆ ನಿಲ್ಲದಿದ್ದರೆ ಅಂತ ಭಯ, ಪಕ್ಕದಲ್ಲಿ ಎರಡು ಇಂಚು ಬಿಡು.’ ಗುರುಶಾಂತಮ್ಮ ಫೋನ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. “ಏನ್ರಿ ಬನಶಂಕರಿ, ನನ್ನ ಸೊಸಿ ಹೊಟ್ಟ್ಯಾಗಿನ ಸುದ್ದಿ ನನಗಿಂತ ಮೊದ್ಲ ಬಳ್ಳಾರಿ ಅಂಗಡ್ಯಾವಂಗ ಗೊತ್ತಾತಲ್ರಿ?” ಆ ಹುಡುಗಿ ಅಂದೇ ತವರಿಗೆ ಹೋಗಿದ್ದಾಳೆ.

ಅಂಗನವಾಡಿಯ ಬಾಲಮ್ಮ ಬೈಯಲೂ ಇಲ್ಲ. ಆಪರೇಷನ್ ಆಗಿ ಎಡಗಡೆ ತೆಗೆದದ್ದು ಅವಳ ಗಂಡನಿಗೂ ನನಗೂ ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಕಾಣದ ಹಾಗೆ ಒಳಗೆ ಹತ್ತಿ ಇಟ್ಟು ನಾಲ್ಕು ವರ್ಷದಿಂದ ಹೊಲಿದುಕೊಡುತ್ತಿದ್ದೇನೆ. ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು, “ನನ್ನ ಮಗ ಓದ್ಯಾನಕ್ಕಾ. ಗುರುವಾರದಿಂದ ನನ್ನ ಮಾರಿ ನೋಡಿ ಮಾತಾಡವಲ್ಲ” ಎಂದಳು. ಕತ್ತರಿಸದೆ ಇಟ್ಟಿದ್ದ ತನ್ನ ಬ್ಲೌಸ್ ಪೀಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾನು ಅತ್ತುಬಿಟ್ಟೆ. ಅವಳೇ ನನಗೆ ನೀರು ಕೊಟ್ಟಳು. ಅವಳ ಹಿಂದೆಯೇ ಉಳಿದವರೂ ಬಂದು ಬಟ್ಟೆ ತೆಗೆದುಕೊಂಡು ಹೋದರು. ದಸರಾಕ್ಕೆ ಎಂಟು ದಿನ ಇರುವಾಗ ನನ್ನ ಯಂತ್ರಕ್ಕೆ ಮುಸುಕು ಹಾಕಿದ್ದೇನೆ.

ಸಿಟ್ಟು ಎಷ್ಟಿದೆ ಎಂದರೆ, ನಿನ್ನ ಹೆಸರು ಹಿಡಿದು ಯಾರಾದರೂ ಕರೆದರೆ ಎದೆ ಉರಿಯುತ್ತದೆ. ಆದರೂ ಬಂದವರೆಲ್ಲರ ಮುಂದೆ ನಿನ್ನ ಪರವಾಗಿಯೇ ಮಾತಾಡಿದೆ. ನನ್ನ ತಂಗಿ ಅಂಕಿಗಳನ್ನಷ್ಟೇ ನೋಡಿದ್ದಾಳೆ, ಕೊನೆಯ ಕಾಲಂ ಓದಿಲ್ಲ, ಓದಿದ್ದರೆ ಕೊಡುತ್ತಿರಲಿಲ್ಲ ಎಂದೆ. ಬಾಲಮ್ಮನ ಕೈ ಮೇಲೆ ಕೈ ಇಟ್ಟು ಅವ್ವನಾಣೆ ಮಾಡಿದ್ದೇನೆ. ಅವಳು ನಂಬಿದಳು ಎಂದು ಕಾಣುತ್ತದೆ, ತಲೆಯಾಡಿಸಿದಳು.

ನೋಟುಗಳನ್ನು ಅಳಿಸಿ ನೋಡಿದೆ. ಇಲ್ಲಿ ಅಳಿಸಿದರೆ ಅಲ್ಲಿ ಅಳಿಯುವುದಿಲ್ಲವಂತೆ, ಗೆರೆ ಒಂದೇ ದಿಕ್ಕಿಗೆ. ಎರಡು ಅಳಿಸಿ ನಿಲ್ಲಿಸಿದೆ. ನಿನ್ನೆ ಕೂತು, ಅಳಿಸಿದ ಆ ಎರಡನ್ನೂ ನೆನಪಿನಿಂದ ಸೇರಿಸಿ, ಅಷ್ಟನ್ನೂ ಹೊಸ ಪುಸ್ತಕಕ್ಕೆ ಕೈಯಲ್ಲೇ ಬರೆದುಕೊಂಡೆ, ಅರವತ್ತಮೂರು ಹೆಸರು. ಇವತ್ತು ಮಧ್ಯಾಹ್ನ ಜೆರಾಕ್ಸ್ ಅಂಗಡಿಯ ಪ್ರಸಾದ್ ಬಂದು ಆ ಜೋಡಣೆ ತೆಗೆದು, ಟೇಬಲನ್ನೂ ತೆರೆದು ಎಲ್ಲ ಅಳಿಸಿಕೊಡುತ್ತೇನೆ ಎಂದಿದ್ದಾನೆ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ಬರುವ ಗುರುವಾರ ರಜೆ ಹಾಕಿ ಬಾ. ಇಬ್ಬರೂ ಮನೆಮನೆಗೆ ಹೋಗೋಣ. ಆ ಕಾಲಂ ನಾನು ಓದಿರಲಿಲ್ಲ, ಗೊತ್ತಿಲ್ಲದೆ ಆಯಿತು ಎಂದು ನಿನ್ನ ಬಾಯಿಂದಲೇ ಅವರಿಗೆ ಹೇಳು. ಬೈದರೆ ಬೈಯಲಿ, ನಾನು ಪಕ್ಕದಲ್ಲಿರುತ್ತೇನೆ.

ಲೋಕನಾಥ್ ಅವರಿಗೆ ನಮ್ಮ ನಮಸ್ಕಾರ ತಿಳಿಸು. ಎಷ್ಟೇ ಸಿಟ್ಟಿದ್ದರೂ ಹರಸದೆ ಕಾಗದ ಮುಗಿಸಬಾರದು ಎನ್ನುತ್ತಿದ್ದಳು ಅವ್ವ. ಅದಕ್ಕೇ ಬರೆಯುತ್ತಿದ್ದೇನೆ: ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಅಕ್ಕ,
ಬನಶಂಕರಿ

ತಾ.ಕ.: ಕಾಗದ ಮಡಚಿಟ್ಟ ಮೇಲೆ ಪ್ರಸಾದ್ ಬಂದು ಹೋದ. ಟೇಬಲಿನಲ್ಲಿ ಅರವತ್ತೆರಡೇ ಸಾಲು ಇದ್ದವು. ನಾನೇ ತಪ್ಪಾಗಿ ಎಣಿಸಿದ್ದೇನೆ ಎಂದುಕೊಂಡು ಪುಸ್ತಕ ಪಕ್ಕಕ್ಕಿಟ್ಟು ಒಂದೊಂದೇ ಹೆಸರು ತಾಳೆ ನೋಡಿದೆ. ಇಲ್ಲದ್ದು ನಿನ್ನದು. ಕಾರಹುಣ್ಣಿಮೆಗೆ ಬಂದಾಗ ನಿನಗೆ ತೆಗೆದ ಅಳತೆ. ಟೇಬಲಿನಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬುದೂ ಉಳಿದಿರುತ್ತದಂತೆ, ಪ್ರಸಾದ್ ತೆಗೆದು ತೋರಿಸಿದ. ಜುಲೈ ಇಪ್ಪತ್ತೆಂಟು, ಬೆಳಿಗ್ಗೆ ಹನ್ನೊಂದಕ್ಕೆ ಮಂಗಳಾ ಒಂದು ಸಾಲು ಅಳಿಸಿದ್ದಾಳೆ. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಕಂಪನಿಯ ಯಜಮಾನರಿಗೆ ಕಳಿಸಿದ್ದಾಳೆ. ನೀನು ಗುರುವಾರ ಬರುವುದು ಬೇಡ. ಆಣೆ ಮಾಡಿದವಳು ನಾನು, ನಾಳೆ ನಾನೇ ಬಾಲಮ್ಮನ ಮನೆಗೆ ಹೋಗಿ ಅದು ಸುಳ್ಳು ಎಂದು ಹೇಳಿ ಬರುತ್ತೇನೆ. ನಿನ್ನ ಅಳತೆಯ ಕೆಳಗೆ ಏನಿದೆ ಎಂಬುದನ್ನು ಈ ಕಾಗದದಲ್ಲೂ ಬರೆದಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ. ಯಾರಿಗೂ ಹೇಳುವುದಿಲ್ಲ. ಆ ಭಯ ನಿನಗೆ ಬೇಡ.